ಒರಗು ಸೈಕಲ್: ಮಾಡಿಸುವುದು ಸುಲಭ, ಸಾಗಿಸುವುದೇ ಕಷ್ಟ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಬ್ಬರು ಮೂರು ಗಾಲಿಯ ಸೈಕಲ್ ಮೇಲೆ ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಾ ಚಿತ್ರದುರ್ಗದ ಕಡೆ ಹೊರಟಿದ್ದರು. ಕೆಳಗೆ ‘ಮಲಗಿಕೊಂಡೇ ಸವಾರಿ’ ಅಂತ ಒಂದು ಸಾಲು, ಅಷ್ಟೇ. ಅದಾದ ಮೇಲೆ ಓದುಗರೊಬ್ಬರ ಪತ್ರ ಬಂತು. ಇದೆಲ್ಲ ದುಡ್ಡಿದ್ದವರ ಶೋಕಿ, ಲಾರಿಯವರಿಗೆ ಕಾಣುವುದಿಲ್ಲ, ಅಪಾಯ, ಇಂಥವನ್ನು ರಸ್ತೆಗೇ ಬಿಡಬಾರದು, ಬೇಕಿದ್ದರೆ ಮನೆ ಕಾಂಪೌಂಡಿನೊಳಗೆ ಓಡಿಸಿಕೊಳ್ಳಲಿ ಅಂತ. ನಾನೂ ಅಂಥದ್ದೇ ಸೈಕಲ್ ಇಟ್ಟುಕೊಂಡವನು. ಸುಮ್ನೆ ಇರಲು ಆಗಲಿಲ್ಲ, ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿಸುವುದಾದರೆ ದಯವಿಟ್ಟು ರೈಲು ಮತ್ತು ಬಸ್ಸಿನ ಭಾಗ ಬಿಟ್ಟು ಬೇರೆ ಕಡೆ ಕತ್ತರಿಸಿ.

ಮೊದಲು ಶೋಕಿ ಅನ್ನುವ ಮಾತು. ನಾನು ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದವನು. ಬಗ್ಗಿ ಬಗ್ಗಿಯೇ ಸೊಂಟ ಕೆಟ್ಟಿತು. ಮಾಮೂಲಿ ಸೈಕಲ್ ಹತ್ತಿದರೆ ಸ್ವಲ್ಪ ದೂರಕ್ಕೇ ಅಂಗೈ ಜೋಮು ಹಿಡಿಯುತ್ತಿತ್ತು, ಕುತ್ತಿಗೆ ಸೆಳೆಯುತ್ತಿತ್ತು, ಕೂರುವ ಜಾಗದ ಕಷ್ಟ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ರಿಕಂಬೆಂಟ್ ಅನ್ನುವ ಈ ಒರಗು ಸೈಕಲ್ಲಿನಲ್ಲಿ ಮೈಭಾರವೆಲ್ಲ ಅಗಲವಾದ ಸೀಟಿಗೂ ಬೆನ್ನಿಗೂ ಹಂಚಿಹೋಗುತ್ತದೆ. ಕೈ ಮೇಲೆ ಭಾರ ಬೀಳುವುದಿಲ್ಲ. ರಸ್ತೆ ನೋಡಲು ಕುತ್ತಿಗೆ ಎತ್ತಬೇಕಿಲ್ಲ. ಮೂರು ಗಾಲಿಯದಾದರೆ ಬ್ಯಾಲೆನ್ಸ್ ಮಾಡುವ ಗೊಡವೆಯೂ ಇಲ್ಲ. ಹಾಗಾಗಿ ಲಕ್ವ ಹೊಡೆದು ಒಂದು ಕಡೆ ಶಕ್ತಿ ಕಡಿಮೆಯಾದವರು, ತಲೆಸುತ್ತು ಬರುವವರು, ಎರಡು ಗಾಲಿ ಮೇಲೆ ನಿಲ್ಲಲಾಗದವರು ಬೇರೆ ದೇಶಗಳಲ್ಲಿ ಇದನ್ನೇ ಓಡಿಸುತ್ತಾರೆ. ಇದರಲ್ಲಿ ಶೋಕಿ ಎಲ್ಲಿ ಬಂತು?

ಹೊಸದಾಗಿ ಬಂದ ಹುಚ್ಚು ಅಂತಲೂ ಅಲ್ಲ. 1933ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೋಶೆ ಎಂಬುವರು ಕಟ್ಟಿದ ಒರಗು ಸೈಕಲ್ ಮೇಲೆ ಫ್ರಾನ್ಸಿಸ್ ಫೋರ್ ಎಂಬ ಸವಾರ ಒಂದು ಗಂಟೆಯಲ್ಲಿ 45.055 ಕಿ.ಮೀ. ಹೋದ. 1914ರಿಂದ ಯಾರೂ ಮುರಿಯದಿದ್ದ ಆಸ್ಕರ್ ಎಗ್‌ನ 44.247 ಕಿ.ಮೀ. ದಾಖಲೆ ಅವತ್ತು ಹಿಂದೆ ಬಿತ್ತು. ಫೋರ್ ಆ ಕಾಲದ ದೊಡ್ಡ ಹೆಸರೇನಲ್ಲ, ಅದೇ ಬೇರೆಯವರಿಗೆ ಉರಿ ಹತ್ತಿಸಿತು ಅಂತ ಕಾಣುತ್ತದೆ. ಮರುವರ್ಷವೇ, 1934ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ನಮೂನೆಯ ಸೈಕಲ್ಲನ್ನು ತನ್ನ ರೇಸುಗಳಿಂದ ಹೊರಗೆ ಹಾಕಿತು. ರೇಸಿನಿಂದ ಹೊರಗೆ ಹಾಕಿದರೇ ಹೊರತು ರಸ್ತೆಯಿಂದ ಅಲ್ಲ. ಮೈಗೆ ಕವಚ ಹಾಕಿದ ಇಂಥದ್ದೇ ಸೈಕಲ್ಲಿನಲ್ಲಿ 2016ರಲ್ಲಿ ಅಮೆರಿಕದ ನೆವಾಡಾದ ಸಪಾಟು ರಸ್ತೆ ಮೇಲೆ ಕೆನಡಾದ ಟಾಡ್ ರೈಕರ್ಟ್ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದರು. ಮೋಟರಿಲ್ಲ, ಇಳಿಜಾರಿನ ನೆರವು ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ, ಕಾಲಿನ ಬಲ ಅಷ್ಟೇ. ಒರಗಿ ಕೂತರೆ ಗಾಳಿಗೆ ಎದೆ ಕೊಡುವುದು ಕಡಿಮೆ, ಗುಟ್ಟು ಅದೇ. ಆಷಾಢದಲ್ಲಿ ಚಿತ್ರದುರ್ಗದಿಂದ ದಾವಣಗೆರೆ ಕಡೆ ಸೈಕಲ್ ತುಳಿದವರಿಗೆ ಎದುರು ಗಾಳಿ ಅಂದರೆ ಏನು ಅಂತ ಗೊತ್ತು. ಅಲ್ಲಿನ ಜೋಗಿಮಟ್ಟಿ ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ.

ದುಡ್ಡಿನ ವಿಷಯ ನಿಜ, ಹೊರದೇಶದ್ದು ತರಿಸಿದರೆ ತುಟ್ಟಿ. 2023ರ ಬಜೆಟ್ಟಿನಲ್ಲಿ ಸೈಕಲ್ ಆಮದು ಸುಂಕವನ್ನು ಶೇ 30ರಿಂದ 35ಕ್ಕೆ ಏರಿಸಿದರು. ಅದರ ಮೇಲೆ ಹಡಗಿನ ಬಾಡಿಗೆ, ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ, ಆದರೆ ಅಷ್ಟರಿಂದ ಆಮದಿನದು ನಮ್ಮ ಕೈಗೆಟುಕುವಷ್ಟು ಅಗ್ಗವಾಗುವುದಿಲ್ಲ. ಆದ್ದರಿಂದ ನಮ್ಮಂಥವರು ಮಾಡುವುದು ಎರಡೇ: ಯಾರೋ ಓಡಿಸಿ ಬಿಟ್ಟ ಹಳೆಯದನ್ನು ಬೆಂಗಳೂರು, ಪುಣೆ ಕಡೆಯಿಂದ ತಂದು ನಮ್ಮ ಮೈಗೆ ಹೊಂದಿಸಿಕೊಳ್ಳುವುದು, ಇಲ್ಲವೇ ಇಲ್ಲೇ ಕಟ್ಟಿಸುವುದು.

ಕಟ್ಟಿಸುವ ವಿಷಯದಲ್ಲಿ ನಮ್ಮ ಭಾಗದವರಿಗೆ ಬೇರೆಯವರಿಗಿಲ್ಲದ ಅನುಕೂಲ ಇದೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಲೇತ್ ಮಷೀನು ಮಾಡಿತು. ಕಾರ್ಖಾನೆ ಮುಚ್ಚಿ ಕಾಲವಾಯಿತು. ಆದರೆ ಆ ಲೇತುಗಳು ಇನ್ನೂ ಸಣ್ಣ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ, ಆ ಕೈಗಳ ಹತ್ತಿರ ಕಲಿತವರೂ ಇದ್ದಾರೆ. ದಾವಣಗೆರೆಯಲ್ಲಿ ಕಾಟನ್ ಮಿಲ್ಲುಗಳಿದ್ದ ಕಾಲದಿಂದಲೂ ಟರ್ನರು, ಫಿಟ್ಟರು, ವೆಲ್ಡರುಗಳಿಗೆ ಬರ ಇಲ್ಲ. ಇವತ್ತು ಅವರು ಟ್ರಾಕ್ಟರ್ ಟ್ರೇಲರ್, ಮೆಕ್ಕೆಜೋಳದ ಕೂರಿಗೆ, ಗೇಟು, ಕಿಟಕಿ ಮಾಡಿಕೊಂಡಿದ್ದಾರೆ. ಒಂದು ಒರಗು ಸೈಕಲ್ಲಿಗೆ ಬೇಕಾದ ಕೆಲಸದಲ್ಲಿ ಅವರಿಗೆ ಬಾರದ್ದು ಯಾವುದೂ ಇಲ್ಲ. ಚಿತ್ರ ಬರೆದು, ಅಳತೆ ಕೊಟ್ಟು, ಪಕ್ಕದಲ್ಲಿ ನಿಂತರೆ ಸಾಕು. ನಿಲ್ಲದಿದ್ದರೆ ಮಾತ್ರ ಟ್ರೇಲರಿನಷ್ಟೇ ಗಟ್ಟಿಮುಟ್ಟಾಗಿ, ಟ್ರೇಲರಿನಷ್ಟೇ ಭಾರವಾಗಿ ಮಾಡಿಕೊಡುತ್ತಾರೆ!

ಮಾಡಿಸುವ ಯೋಚನೆ ಇರುವವರಿಗಾಗಿ ನನಗೆ ಗೊತ್ತಿರುವ ಕೆಲವು ಮಾತು. ಮೂರು ಗಾಲಿಯದರಲ್ಲಿ ಎರಡು ಜಾತಿ. ಮುಂದೆ ಎರಡು ಹಿಂದೆ ಒಂದು ಗಾಲಿ ಇರುವುದು, ಮುಂದೆ ಒಂದು ಹಿಂದೆ ಎರಡು ಇರುವುದು. ಮೊದಲನೆಯದು ತಿರುವಿನಲ್ಲಿ ಗಟ್ಟಿ ನಿಲ್ಲುತ್ತದೆ, ಆದರೆ ಸೀಟು ನೆಲಕ್ಕೆ ಹತ್ತಿರ. ಎರಡನೆಯದಕ್ಕೆ ಹತ್ತಿ ಇಳಿಯುವುದು ಸಲೀಸು, ಮೊಣಕಾಲು ನೋವಿನವರಿಗೆ ಇದೇ ವಾಸಿ, ಆದರೆ ಜೋರಾಗಿ ತಿರುಗಿಸಿದರೆ ಮಗುಚುವ ಭಯ ಇದೆ. ಯಾವುದೇ ಇರಲಿ, ಸಣ್ಣ ಗಾಲಿಗೆ 406 ಅಳತೆಯ (ಟೈರು ಕೂರುವ ಜಾಗದ ವ್ಯಾಸ, ಮಿ.ಮೀ. ಲೆಕ್ಕ) 20 ಇಂಚಿನ ರಿಮ್ಮೇ ಹಾಕಿಸಿ. ಅದು ಮಕ್ಕಳ ಸೈಕಲ್ಲಿನ ಅಳತೆ, ಟೈರು ಟ್ಯೂಬು ಜಗಳೂರಿನಲ್ಲೂ ಸಿಗುತ್ತದೆ, ಮೊಳಕಾಲ್ಮೂರಿನಲ್ಲೂ ಸಿಗುತ್ತದೆ. 20 ಇಂಚಿನಲ್ಲೇ 451 ಅಂತ ಇನ್ನೊಂದು ಅಳತೆ ಇದೆ, ನೋಡಲು ಒಂದೇ ಥರ, ಅದರ ಟೈರಿಗೆ ಬೆಂಗಳೂರಿಗೇ ಓಡಬೇಕು. ಮೂರು ಗಾಲಿಯ ಸೈಕಲ್ ತಿರುವಿನಲ್ಲಿ ವಾಲುವುದಿಲ್ಲವಾದ್ದರಿಂದ ಅಡ್ಡ ಒತ್ತಡ ಪೂರ್ತಿ ಕಡ್ಡಿಗಳ ಮೇಲೆ ಬೀಳುತ್ತದೆ. ಅದಕ್ಕೂ ಸಣ್ಣ ಗಾಲಿಯೇ ಗಟ್ಟಿ.

ಮುಂದೆ ಎರಡು ಗಾಲಿ ಇರುವುದಾದರೆ ಆ ಗಾಲಿಗಳ ಆಕ್ಸಲ್ಲಿನಲ್ಲಿ ಜಿಪುಣತನ ಬೇಡ. ಮಾಮೂಲಿ ಸೈಕಲ್ಲಿನಲ್ಲಿ ಆಕ್ಸಲ್ಲನ್ನು ಎರಡೂ ಕಡೆ ಫೋರ್ಕ್ ಹಿಡಿದಿರುತ್ತದೆ. ಇಲ್ಲಿ ಒಂದೇ ಕಡೆ. ಇ.ಎನ್. 24 ಅನ್ನುವ ಗಟ್ಟಿ ಉಕ್ಕಿನ ರಾಡ್ ತಂದು ಕಡೆಸಿ, 12 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಎರಡೂ ಗಾಲಿ ಒಟ್ಟಿಗೆ ತಿರುಗುವಂತೆ ಜೋಡಿಸುವ ಸ್ಟೀರಿಂಗಿನ ಟೈ ರಾಡಿಗೆ ರಾಡ್ ಎಂಡ್ ಬೇರಿಂಗ್ ಹಾಕಿಸಿ, ಮುಂದಿನ ಎರಡೂ ಗಾಲಿ ಒಂದೆರಡು ಮಿ.ಮೀ. ಒಳಮುಖವಾಗಿ ಇರುವಂತೆ ನೋಡಿಕೊಳ್ಳಿ. ಅದು ತಪ್ಪಿದರೆ ಟೈರು ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆದುಹೋಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಮಾತ್ರ ಇಲ್ಲಿ ವೆಲ್ಡಿಂಗ್ ಮಾಡಿಸಲೇಬೇಡಿ. ಕಾರ್ಖಾನೆಯಲ್ಲಿ ಶಾಖ ಕೊಟ್ಟು ಗಟ್ಟಿ ಮಾಡಿದ ಲೋಹ ಅದು, ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನ ಹೋಗುತ್ತದೆ. ಏನು ಸೇರಿಸಬೇಕಿದ್ದರೂ ಕ್ಲಾಂಪಿನಲ್ಲಿ ಬಿಗಿಸಿ. ಸ್ಟೀಲ್ ಪೈಪಾದರೆ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಬಹುದು. ತೆಳು ಪೈಪಿಗೆ ಸಾದಾ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತದೆ.

ಚೈನಿನ ಕಥೆಯೇ ಬೇರೆ. ಪೆಡಲ್ ಮುಂದೆ, ಹಿಂದಿನ ಗಾಲಿ ಎಲ್ಲೋ. ಮಾಮೂಲಿ ಚೈನು ಎರಡೂವರೆಯಿಂದ ಮೂರು ಜೋಡಿಸಿದರೆ ಇದಕ್ಕೆ ಒಂದಾಗುತ್ತದೆ. ನಡುವೆ ಸೀಟಿನ ಕೆಳಗೆ ಚೈನು ದಾಟಿಸಲು ಒಂದು ರಾಟೆ ಬೇಕು. ಅದನ್ನು ಹೊರಗಿಂದ ತರಿಸುವ ಅಗತ್ಯವೇ ಇಲ್ಲ. ನೈಲಾನ್ ರಾಡ್ ಕಡೆಸಿ, ಒಳಗೆ 608 ನಂಬರಿನ ಬೇರಿಂಗ್ ಕೂರಿಸಿದರೆ ಮುಗಿಯಿತು, ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಮೇಲಿನ ಚೈನಿನ ಮೇಲೆ ಎಳೆತ ಜಾಸ್ತಿ, ಆ ರಾಟೆಯ ಬೋಲ್ಟು ದಪ್ಪ ಇರಲಿ. ಚೈನನ್ನು ಪ್ಲಾಸ್ಟಿಕ್ ನಳಿಕೆಯೊಳಗೆ ಓಡಿಸಿದರೆ ಪಂಚೆ, ಪ್ಯಾಂಟು, ದುಪಟ್ಟಾ ಯಾವುದಕ್ಕೂ ಗ್ರೀಸ್ ತಾಗುವುದಿಲ್ಲ. ಸೀಟಿಗೆ ರೆಗ್ಜಿನ್ ಬೇಡವೇ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಬೆನ್ನು ಬೆಂದುಹೋಗುತ್ತದೆ. ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿಯನ್ನು ಬಿಗಿಯಾಗಿ ಹೆಣೆಸಿ, ಗಾಳಿ ಆಡುತ್ತದೆ, ಸಡಿಲವಾದರೆ ಮತ್ತೆ ಎಳೆದು ಕಟ್ಟಬಹುದು, ಯಾವ ವಿದೇಶಿ ಸೀಟೂ ಇದಕ್ಕಿಂತ ಹೆಚ್ಚಿನದು ಮಾಡುವುದಿಲ್ಲ.

ಕಾಲಿನ ಉದ್ದಕ್ಕೆ ತಕ್ಕಂತೆ ಪೆಡಲ್ ಇರುವ ಮುಂದಿನ ಪೈಪನ್ನು ಹಿಂದೆ ಮುಂದೆ ಸರಿಸಬಹುದು, ಆದರೆ ಸರಿಸಿದಾಗಲೆಲ್ಲ ಚೈನಿನ ಕೊಂಡಿ ಸೇರಿಸಬೇಕು ಅಥವಾ ತೆಗೆಯಬೇಕು. ಒಂದು ಕೈಯಲ್ಲಿ ಬಲ ಇಲ್ಲದವರಿಗೆ ಒಂದೇ ಲಿವರಿನಿಂದ ಮುಂದಿನ ಎರಡೂ ಬ್ರೇಕ್ ಹಿಡಿಯುವಂತೆ ಮಾಡಿಸಬಹುದು. ಪಾದ ಜಾರುವವರಿಗೆ ಪೆಡಲಿಗೆ ಹಿಮ್ಮಡಿ ಹಿಡಿಯುವ ಬಟ್ಟಲು ಕೂರಿಸಬಹುದು. ಈ ಸೈಕಲ್ಲಿನಲ್ಲಿ ಎದ್ದು ನಿಂತು ತುಳಿಯಲು ಬರುವುದಿಲ್ಲ, ಹಾಗಾಗಿ ಏರಿಗೆ ಸಣ್ಣ ಗೇರ್ ಬೇಕೇ ಬೇಕು. ಮುಂದೆ 30 ಹಲ್ಲು, ಹಿಂದೆ 34 ಹಲ್ಲು, 20 ಇಂಚಿನ ಗಾಲಿ ಅಂದರೆ ಪೆಡಲ್ ಒಂದು ಸುತ್ತಿಗೆ ಒಂದೂಕಾಲು, ಒಂದೂವರೆ ಮೀಟರಿನ ನಡುವೆ ಮುಂದೆ ಹೋಗುತ್ತದೆ. ನಿಧಾನ, ಆದರೆ ಜೋಗಿಮಟ್ಟಿ ರಸ್ತೆಯನ್ನೂ ಕೂತೇ ಹತ್ತಬಹುದು. ಅದೂ ಆಗದವರು ಮೋಟರ್ ಕಿಟ್ ಹಾಕಿಸಿಕೊಳ್ಳಲಿ. 250 ವ್ಯಾಟಿಗಿಂತ ಕಡಿಮೆ ಮೋಟರ್, ಗಂಟೆಗೆ 25 ಕಿ.ಮೀ. ಮೀರದ ವೇಗ, ಬ್ಯಾಟರಿ ಬಿಟ್ಟು 60 ಕೆ.ಜಿ. ಒಳಗಿನ ತೂಕ ಇದ್ದರೆ ಕೇಂದ್ರದ ನಿಯಮದ ಪ್ರಕಾರ ಅದು ಮೋಟರು ವಾಹನವೇ ಅಲ್ಲ, ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ.

ಇಷ್ಟೆಲ್ಲ ಆಯಿತು. ಈಗ ಅಸಲು ಕಷ್ಟಕ್ಕೆ ಬರುತ್ತೇನೆ. ಇಷ್ಟು ಕೈಕೆಲಸ ಮಾಡಿಸಿ ಮೈಗೆ ಹೊಂದಿಸಿಕೊಂಡ ಸೈಕಲ್ಲನ್ನು ಬೇರೆ ಊರಿಗೆ ಒಯ್ಯಬೇಕು ಅಂದುಕೊಳ್ಳಿ. ಮಗಳ ಮನೆಗೆ ಹೋಗಿ ತಿಂಗಳು ಇರಬೇಕು, ಅಲ್ಲಿ ಓಡಾಡಲು ಬೇಕು. ಏನು ಮಾಡುತ್ತೀರಿ?

ಕಾರಿನ ಹಿಂದೆ ಬೆಲ್ಟಿನಲ್ಲಿ ನೇತುಹಾಕುವ ಸೈಕಲ್ ಕ್ಯಾರಿಯರ್ ಇದಕ್ಕೆ ಹಿಡಿಯುವುದಿಲ್ಲ. ಅವು ಸೈಕಲ್ಲಿನ ಮೇಲಿನ ಅಡ್ಡ ಪೈಪಿಗೆ ಕೊಕ್ಕೆ ಹಾಕುವಂಥವು, ಇದಕ್ಕೆ ಆ ಪೈಪೇ ಇಲ್ಲ. ಕಾರಿನ ತಲೆ ಮೇಲೆ ಕಟ್ಟಿದರೆ ಆಗುತ್ತದೆ, ಎತ್ತಲು ಇಬ್ಬರು ಬೇಕು. ಲಗೇಜ್ ಆಟೊ ಹೇಳಿದರೆ ಊರೊಳಗೆ ಪರವಾಗಿಲ್ಲ, ಏಳಡಿ ಹತ್ತಿರದ ತೊಟ್ಟಿಯ ಟಾಟಾ ಏಸ್ ಆದರೆ ಮೂರು ಗಾಲಿಯದು ಬಿಚ್ಚದೇ ಕೂರುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿ.ಮೀ., ಬೆಂಗಳೂರಿಗೆ 260 ಕಿ.ಮೀ. ಅದರಲ್ಲೇ ಕಳಿಸಿದರೆ ಬಾಡಿಗೆ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ, ಬರುವಾಗ ಖಾಲಿ ಬರುವ ಬಾಡಿಗೆಯೂ ನಮ್ಮ ತಲೆಗೇ.

ಕೊರಿಯರಿನವರು ತೂಕ ಒಂದನ್ನೇ ನೋಡುವುದಿಲ್ಲ, ಜಾಗವನ್ನೂ ನೋಡುತ್ತಾರೆ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಜಾಗದ ಕೆ.ಜಿ. ಲೆಕ್ಕ. 130, 80, 60 ಸೆಂ.ಮೀ.ನ ಪೆಟ್ಟಿಗೆ ಮಾಡಿದಿರಿ ಅಂದುಕೊಳ್ಳಿ, 124.8 ಕೆ.ಜಿ. ಆಯಿತು. ತಕ್ಕಡಿ ಮೇಲೆ 20 ಕೆ.ಜಿ. ಕೂಡ ತೂಗದ ಸೈಕಲ್ಲಿಗೆ! ಅದೇ ಸೈಕಲ್ಲನ್ನು ಎರಡು ಗಂಟು ಮಾಡಿ, ಫ್ರೇಮು 120, 40, 30 ಅಳತೆಯಲ್ಲಿ, ಸೀಟು ಮತ್ತು ಗಾಲಿ 60, 60, 35 ಅಳತೆಯಲ್ಲಿ ಕಟ್ಟಿದರೆ 28.8 ಮತ್ತು 25.2, ಒಟ್ಟು 54 ಕೆ.ಜಿ. ಅರ್ಧಕ್ಕಿಂತ ಕಡಿಮೆ. ಅದಕ್ಕೇ ಕಟ್ಟಿಸುವಾಗಲೇ ಫ್ರೇಮು ನಡುವೆ ಬಿಚ್ಚುವಂತೆ ಒಂದು ಜೋಡಣೆ ಇಡಿಸಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಎರಡು ಪೈಪು ಒಂದರೊಳಗೊಂದು ಹೋಗಿ ಎರಡು ಬೋಲ್ಟಿನಲ್ಲಿ ಕೂರುವಂತೆ ಲೇತಿನವರೇ ಮಾಡಿಕೊಡುತ್ತಾರೆ. ಸ್ವಲ್ಪ ತೂಕ ಜಾಸ್ತಿಯಾಗುತ್ತದೆ, ಆಗಲಿ. ವಿಮಾನದಲ್ಲಿ ಕಳಿಸುವವರು ಕಡಿಮೆ, ಆದರೂ ಮೋಟರ್ ಹಾಕಿಸಿಕೊಂಡವರಿಗೆ ಒಂದು ಮಾತು: 36 ವೋಲ್ಟ್ 10 ಆಂಪಿಯರ್ ಅವರ್ ಬ್ಯಾಟರಿ ಅಂದರೆ 360 ವ್ಯಾಟ್ ಅವರ್. ವಿಮಾನದಲ್ಲಿ ಪ್ರಯಾಣಿಕರಿಗೆ ಅನುಮತಿ ಪಡೆದರೂ 160ರ ಮೇಲೆ ಬಿಡುವುದಿಲ್ಲ.

ಇನ್ನು ರೈಲು. ರೈಲ್ವೆ ನಿಯಮದ ಪ್ರಕಾರ ಸ್ಲೀಪರ್ ಟಿಕೆಟಿಗೆ 40 ಕೆ.ಜಿ., ಸೆಕೆಂಡ್ ಕ್ಲಾಸಿಗೆ 35 ಕೆ.ಜಿ. ಲಗೇಜು ಪುಕ್ಕಟೆ. ತೂಕದಲ್ಲಿ ನಮ್ಮ ಸೈಕಲ್ ಪಾಸು, ಆದರೆ ಸೈಕಲ್ಲಿಗೆ ಈ ಪುಕ್ಕಟೆ ಲೆಕ್ಕ ಅನ್ವಯಿಸುವುದಿಲ್ಲ. ಮೇಲಾಗಿ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆ 100, 60, 25 ಸೆಂ.ಮೀ. ಮೀರಬಾರದು. ಅಲ್ಲಿ ಫೇಲು. ಬಿಚ್ಚಿದರೂ ಫ್ರೇಮು ಅದರೊಳಗೆ ಕೂರುವುದಿಲ್ಲ. ಹಾಗಾಗಿ ಪಾರ್ಸೆಲ್ ಬುಕ್ ಮಾಡಿ ಗಾರ್ಡ್ ಬೋಗಿಯ ಪಕ್ಕದ ಲಗೇಜ್ ಕೋಣೆಗೆ ಹಾಕಿಸಬೇಕು. ಹಾಕಿಸಬೇಕು ಅನ್ನುವುದು ಸುಲಭ. ಹೊರಗಿನ ಒಂದು ನಿಲ್ದಾಣದಲ್ಲಿ ನನಗಾದದ್ದು ಹೇಳುತ್ತೇನೆ. ಒಬ್ಬರು ಇದು ಸೈಕಲ್ ಅಲ್ಲ, ಮಷೀನು ಅಂದರು. ಇನ್ನೊಬ್ಬರು ಬಂದು ಗಾಲಿ ಬಿಚ್ಚಿ ತನ್ನಿ ಅಂದರು. ಬಿಚ್ಚಿ ತಂದರೆ, ಇದು ಬಿಡಿ ಸಾಮಾನು, ಪೂರ್ತಿ ಗೋಣಿಯಲ್ಲಿ ಹೊಲಿದು ತನ್ನಿ ಅಂದರು. ಹೊಲಿದು ತಂದರೆ ಒಳಗೇನಿದೆ ತೋರಿಸಿ ಅಂದರು. ಯಾರ ಮೇಲೂ ಸಿಟ್ಟಿಲ್ಲ, ಅವರ ಮುಂದೆ ಇದಕ್ಕೆ ಒಂದು ಸಾಲಿನ ನಿಯಮವೂ ಇಲ್ಲ, ನೋಡಿ ಅಭ್ಯಾಸವೂ ಇಲ್ಲ. ಹಾಗಾಗಿ ಅವತ್ತು ಕೌಂಟರಿನಲ್ಲಿ ಯಾರು ಕೂತಿದ್ದಾರೋ ಅವರ ಮನಸ್ಸಿಗೆ ತೋಚಿದ್ದೇ ನಿಯಮ.

ಬುಕ್ ಆದ ಮೇಲೂ ಮುಗಿಯುವುದಿಲ್ಲ. ಎರಡು ನಿಮಿಷ ನಿಲ್ಲುವ ರೈಲಿನಲ್ಲಿ ಹಮಾಲಿಗಳು ಮೂಟೆ ಇಳಿಸುತ್ತಾರೋ, ನಮ್ಮ ಸೈಕಲ್ಲನ್ನು ಮೆಲ್ಲಗೆ ಎತ್ತುತ್ತಾರೋ? ಅದರ ಮೇಲೆ ಏನು ಬಿತ್ತು ಅಂತ ಇಳಿಸಿಕೊಂಡಾಗಲೇ ಗೊತ್ತಾಗುವುದು. ಹೆಚ್ಚಾಗಿ ಕೆಟ್ಟುಹೋಗುವುದು ಟೈ ರಾಡು, ಗೇರ್ ಬದಲಿಸುವಾಗ ಚೈನು ಸರಿಸುವ ಡಿರೇಲರ್, ಮುಂದಿನ ಹಲ್ಲುಚಕ್ರ. ಇವು ಮೂರನ್ನು ಉಳಿಸಿಕೊಳ್ಳಲು ನಾನು ಮಾಡುವುದು ಇಷ್ಟು. ಬಿಚ್ಚುವ ಮೊದಲು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೊ. ಮುಂದಿನ ಪೈಪು ಎಲ್ಲಿ ಕೂತಿತ್ತು ಅನ್ನುವ ಜಾಗಕ್ಕೆ ಬಣ್ಣದ ಟೇಪು ಸುತ್ತುವುದು, ಇಲ್ಲದಿದ್ದರೆ ಆ ಕಡೆ ಹೋಗಿ ಮೊಣಕಾಲು ನೋಯಿಸಿಕೊಂಡು ಹುಡುಕಬೇಕು. ಟೈ ರಾಡು, ಡಿರೇಲರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಸೀಟಿನ ಒಳಮೈಗೆ ಕಟ್ಟುವುದು. ಚೈನನ್ನು ಕೈಯಲ್ಲಿ ಬಿಚ್ಚುವ ಕೊಂಡಿ ಹಾಕಿಸಿಟ್ಟುಕೊಂಡರೆ ಅದನ್ನೂ ಪ್ರತ್ಯೇಕ ಚೀಲಕ್ಕೆ ಹಾಕಬಹುದು. ಗಾಲಿ ತೆಗೆದ ಹಿಂದಿನ ಫೋರ್ಕಿನ ನಡುವೆ ಅದೇ ಅಗಲದ ಮರದ ತುಂಡು ಸಿಕ್ಕಿಸುವುದು, ಮೇಲೆ ಭಾರ ಬಿದ್ದರೆ ಫೋರ್ಕ್ ಒಳಗೆ ಬಾಗುವುದಿಲ್ಲ. ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮಿನ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಉದ್ದಕ್ಕೆ ಸೀಳಿ ಫ್ರೇಮಿಗೆ ತೊಡಿಸಿದರೆ ಗೀರು ಬೀಳುವುದಿಲ್ಲ. ಬೋಲ್ಟು, ನಟ್ಟು ಎಲ್ಲ ಒಂದು ಡಬ್ಬಿಯಲ್ಲಿ, ಆ ಡಬ್ಬಿ ಮಾತ್ರ ನನ್ನ ಕೈಚೀಲದಲ್ಲಿ. ಹೆಸರು, ಹೋಗುವ ಊರು ಬರೆದ ಚೀಟಿ ಎರಡು ಕಡೆ, ಒಂದು ಗೋಣಿಯ ಮೇಲೆ, ಇನ್ನೊಂದು ಒಳಗೆ ಫ್ರೇಮಿಗೇ.

ಬಸ್ಸಿನದು ಇನ್ನೂ ಅತಂತ್ರ. ಹಿಂದೆ ಕೆಂಪು ಬಸ್ಸಿನ ತಲೆ ಮೇಲೆ ಕ್ಯಾರಿಯರ್ ಇರುತ್ತಿತ್ತು, ಏಣಿ ಹತ್ತಿ ಬುಟ್ಟಿ, ಸೈಕಲ್ಲು, ಮೇಕೆ ಎಲ್ಲ ಹಾಕುತ್ತಿದ್ದರು. ಈಗ ಅದು ಅಪರೂಪ. ಕೆಳಗಿನ ಡಿಕ್ಕಿಯಲ್ಲಿ ಜಾಗ ಇದ್ದರೂ ಹಾಕಿಕೊಳ್ಳುವುದು ಬಿಡುವುದು ಕಂಡಕ್ಟರ್ ಮರ್ಜಿ. ಖಾಸಗಿ ಬಸ್ಸೊಂದರಲ್ಲಿ ನನ್ನ ಸೈಕಲ್ಲಿನ ಮೇಲೆ ಈರುಳ್ಳಿ ಚೀಲ ಹೇರಿ ಹಲ್ಲುಚಕ್ರ ಬಗ್ಗಿಸಿದರು, ಕೇಳಿದರೆ ‘ಯಜಮಾನ್ರೇ, ಇದನ್ನ ತರೋಕೆ ಯಾರು ಹೇಳಿದ್ರು’ ಅಂತ ನನ್ನನ್ನೇ ಕೇಳಿದರು.

ನನ್ನ ಸೈಕಲ್ ಬಿಡಿ, ನನಗೆ ಕಾಲಿದೆ. ಸರ್ಕಾರ ಅಂಗವಿಕಲರಿಗೆ ಕೊಡುವ ಕೈಯಿಂದ ತಿರುಗಿಸುವ ಮೂರು ಗಾಲಿ ಸೈಕಲ್ ನೋಡಿದ್ದೀರಲ್ಲ? ಕಾನ್ಪುರದಲ್ಲಿ 1972ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಲಿಂಕೊ ಸಂಸ್ಥೆ ಇಂಥವನ್ನು ತಯಾರಿಸಿ ಹಂಚುತ್ತಾ ಬಂದಿದೆ. ಅದೂ ಒರಗು ಸೈಕಲ್ಲಿನ ಅಣ್ಣನೇ, ಸುಮಾರು ಅದೇ ಉದ್ದ ಅಗಲ, ತೂಕ ಇನ್ನೂ ಜಾಸ್ತಿ. ಅದನ್ನು ಪಡೆದವರು ಬಸ್ ಸ್ಟ್ಯಾಂಡಿನವರೆಗೆ ಅದರಲ್ಲಿ ಬರುತ್ತಾರೆ. ಆಮೇಲೆ? ಅದನ್ನು ಅಲ್ಲೇ ಯಾವುದೋ ಅಂಗಡಿ ಮುಂದೆ ಬಿಟ್ಟು, ಯಾರದೋ ಕೈ ಹಿಡಿದು ಬಸ್ ಹತ್ತಿ, ಇಳಿದ ಊರಲ್ಲಿ ತೆವಳಿಕೊಂಡೋ ಆಟೊದವರನ್ನು ಬೇಡಿಕೊಂಡೋ ಓಡಾಡಬೇಕು. ಇದು ದಿನಾ ನಮ್ಮ ಕಣ್ಣ ಮುಂದೆ ನಡೆಯುವುದೇ. ಒರಗು ಸೈಕಲ್ ಶೋಕಿಯವರದು ಅಂತ ಬರೆದ ಓದುಗರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು ಅನಿಸುತ್ತದೆ. ಉದ್ದದ ಸೈಕಲ್ಲಿಗೆ ಒಂದು ನಿಯಮ ಆದರೆ ಮೊದಲ ಲಾಭ ಇವರಿಗೆ.

ಅಪಾಯದ ಮಾತಿಗೂ ಉತ್ತರ ಕೊಡಬೇಕಲ್ಲ. ಅದರಲ್ಲಿ ಅರ್ಧ ನಿಜ ಇದೆ. ಸೀಟು ತಗ್ಗಿನಲ್ಲಿ ಇರುವುದರಿಂದ ಲಾರಿ ಡ್ರೈವರಿಗೆ ತೀರಾ ಹತ್ತಿರ ಹೋದರೆ ಕಾಣುವುದಿಲ್ಲ. ಅದಕ್ಕೇ ಐದಾರು ಅಡಿ ಎತ್ತರಕ್ಕೆ ಬಾವುಟ, ಎರಡೂ ಕಡೆ ಕನ್ನಡಿ, ಹಗಲಲ್ಲೂ ಹಿಂದೆ ಕೆಂಪು ದೀಪ ಹಾಕುತ್ತೇವೆ. ನಮ್ಮೂರಿನ ಅಶೋಕ ರಸ್ತೆಯಲ್ಲಿ ಸಂಜೆ ಹೊತ್ತು ನಾನೇ ಓಡಿಸುವುದಿಲ್ಲ, ಇಳಿದು ತಳ್ಳುತ್ತೇನೆ. ಅಲ್ಲಿ ಮಾಮೂಲಿ ಸೈಕಲ್ಲಿನವರೂ ತಳ್ಳುವುದೇ ವಾಸಿ. ಇನ್ನೊಂದು ಕಷ್ಟ ರೋಡ್ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೆಲ್ಲಗೆ ಏರಿ ಇಳಿಯಬೇಕು. ನಮ್ಮ ಬಡಾವಣೆಗಳಲ್ಲಿ ಮನೆಯವರೇ ಸಿಮೆಂಟ್ ಕಲಸಿ ಹಾಕಿದ ಕಟ್ಟೆಗಳಿವೆ. ತಗ್ಗಿನ ಸೈಕಲ್ಲಿನ ಹೊಟ್ಟೆ ಅದಕ್ಕೆ ತಾಗುತ್ತದೆ, ಹಾಗಾಗಿ ಇಲ್ಲಿ ಓಡಿಸುವವರು ಸೀಟು ಎತ್ತರಿಸಿಯೇ ಕಟ್ಟಿಸಿಕೊಳ್ಳಬೇಕು. ಆದರೆ ಕಾಣುವುದಿಲ್ಲ ಅಂತ ರಸ್ತೆಯಿಂದಲೇ ಹೊರಗೆ ಹಾಕಿ ಅಂದರೆ ಹೇಗೆ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೊ, ಸೈಕಲ್ ಎಲ್ಲ ಬಂದ್ ಮಾಡಿದರು. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆ ಅಂತ ಒಂದಿದೆ. ನಮ್ಮ ಊರೊಳಗೆ ಯಾವ ಪಕ್ಕದ ರಸ್ತೆಗೆ ಹೋಗಲಿ?

ಕೇಳುವುದು ದೊಡ್ಡದೇನೂ ಇಲ್ಲ. ನೈರುತ್ಯ ರೈಲ್ವೆಯ ಮೈಸೂರು ವಿಭಾಗದವರು ಪಾರ್ಸೆಲ್ ಕೌಂಟರುಗಳಲ್ಲಿ ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ: ಎರಡು ಗಾಲಿ ಇರಲಿ ಮೂರು ಗಾಲಿ ಇರಲಿ, ಕಾಲಿಂದಲೋ ಕೈಯಿಂದಲೋ ತುಳಿಯುವಂಥದ್ದು ಸೈಕಲ್ಲೇ, ಇಷ್ಟು ಉದ್ದದವರೆಗೆ ಬಿಚ್ಚದೇ ಹಾಕಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಹೀಗೆ ಕಟ್ಟಿ ತನ್ನಿ, ಇಷ್ಟು ಚಾರ್ಜು ಅಂತ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗದ ಕೆಲಸ ನಡೆಯುತ್ತಿದೆ, ಹೊಸ ನಿಲ್ದಾಣ ಕಟ್ಟುವಾಗಲೇ ಪ್ಲಾಟ್‌ಫಾರಂಗೆ ಮೆಟ್ಟಿಲ ಜೊತೆ ಒಂದು ಮೀಟರಿಗಿಂತ ಅಗಲದ ಇಳಿಜಾರು ಹಾದಿ ಇಟ್ಟರೆ ಆಮೇಲೆ ಒಡೆಯುವ ಕೆಲಸ ತಪ್ಪುತ್ತದೆ. ಸಾರಿಗೆ ನಿಗಮದವರು ಡಿಕ್ಕಿ ಇರುವ ಬಸ್ಸುಗಳಲ್ಲಿ ಅಂಗವಿಕಲರ ಮೂರು ಗಾಲಿಯನ್ನು ಮೊದಲು ಹಾಕಿಕೊಳ್ಳಬೇಕು ಅಂತ ಒಂದು ಸುತ್ತೋಲೆ ಹೊರಡಿಸಲಿ, ಅದು ಮಡಚುವಂತಿದ್ದರೆ ಕಂಡಕ್ಟರಿಗೂ ಕಷ್ಟ ಇಲ್ಲ.

ಮಡಚುವಂತೆ ಮಾಡುವ ಕೆಲಸ ಮಾತ್ರ ನಮ್ಮೂರಿನದೇ. ದಾವಣಗೆರೆಯಲ್ಲಿ ಎರಡು ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ, ಬಿ.ಡಿ.ಟಿ. 1951ರದ್ದು, ಬಾಪೂಜಿ 1979ರದ್ದು. ಅಂಗವಿಕಲರ ಪುನರ್ವಸತಿಗೆ ಕೇಂದ್ರದ ಸಿ.ಆರ್.ಸಿ. ಕೂಡ ಇಲ್ಲೇ ಇದೆ. ಮೆಕ್ಯಾನಿಕಲ್ ಹುಡುಗರು ಕೊನೆ ವರ್ಷದ ಪ್ರಾಜೆಕ್ಟ್ ಅಂತ ಅಂಗಡಿಯಲ್ಲಿ ರೆಡಿ ಇರುವುದನ್ನು ತಂದು ತೋರಿಸುವ ಬದಲು, ಕೈ ಸೈಕಲ್ಲನ್ನು ಎರಡು ನಿಮಿಷದಲ್ಲಿ ಎರಡು ತುಂಡು ಮಾಡಿ ಬಸ್ಸಿನ ಡಿಕ್ಕಿಗೆ ಹಾಕುವ ಜೋಡಣೆ ಮಾಡಿ ತೋರಿಸಲಿ. ಅಳತೆ ತೆಗೆದುಕೊಳ್ಳಲು ನನ್ನ ಸೈಕಲ್ಲನ್ನೇ ಕೊಡುತ್ತೇನೆ. ಬಿಚ್ಚಿ ನೋಡಲಿ, ಬೇಜಾರಿಲ್ಲ, ವಾಪಸ್ ಜೋಡಿಸಿಯೇ ಕೊಡಬೇಕು ಅಷ್ಟೇ. ವಿಳಾಸ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ.

— ನಿವೃತ್ತ ಫಿಟ್ಟರ್, ನಿಟುವಳ್ಳಿ, ದಾವಣಗೆರೆ